ಡಬ್ಬಿ ಕಾರ್ಖಾನೆಯ ಮೇಲಂತಸ್ತಿನವನು

ಆಸ್ಪತ್ರೆಯ ಶವಾಗಾರಕ್ಕೆ ಹೋಗುವ ಓಣಿಯಲ್ಲಿ ದಲೆಂದಾಳಿಗೆ ಮೊದಲು ಕಂಡದ್ದು ತಮ್ಮನ ಬೆನ್ನು. ಹೊಲಿಗೆಗಳಲ್ಲೆಲ್ಲ ಸಿಮೆಂಟಿನ ಧೂಳು ಕೂತ ಆ ಕಂದು ಕೋಟನ್ನು ಅವಳು ಎಷ್ಟು ದೊಡ್ಡ ಸಂತೆಯಲ್ಲಾದರೂ ಗುರುತಿಸಬಲ್ಲಳು. ಮುಂಜಿ ಬೆಂಚಿನ ಮೇಲೆ ಕೂತಿರಲಿಲ್ಲ, ಗೋಡೆಗೂ ಒರಗಿರಲಿಲ್ಲ. ಮುಚ್ಚಿದ ಬಾಗಿಲಿಗೆ ಮುಖ ಮಾಡಿ, ಒಳಗಿಂದ ಯಾರೋ ಕರೆಯುತ್ತಾರೆಂದು ಕಾಯುವವನ ಹಾಗೆ ನಿಂತಿದ್ದ.

ಹೆಜ್ಜೆ ಸದ್ದಿಗೆ ತಿರುಗಿ ಅಕ್ಕನನ್ನು ನೋಡಿದವನೇ, "ಪುರಸಭೆ ಕಡೆಯಿಂದ ಯಾರಾದ್ರೂ ಬಂದು ನೋಡಬೇಕಿತ್ತಲ್ಲ, ಅದಕ್ಕೆ ಬಂದೆ" ಅಂದ.

"ನಾನೂ ಅದಕ್ಕೇ ಬಂದೆ" ಅಂದಳು ದಲೆಂದಾ.

ಇಬ್ಬರೂ ಸುಳ್ಳು ಹೇಳಿದ್ದರು, ಇಬ್ಬರಿಗೂ ಅದು ಗೊತ್ತಿತ್ತು. ಕಡಲತಡಿಯ ಬೋರ್ಜ್ ರೀಹ್ ಊರಿನ ಪುರಸಭೆಯಲ್ಲಿ ಅವರಿಬ್ಬರೂ ಸದಸ್ಯರು ಹೌದು, ಆದರೆ ಹೆಣ ನೋಡುವುದು ಸದಸ್ಯರ ಕೆಲಸವಲ್ಲ. ಬೆಳಿಗ್ಗೆ ಬಂದರಿನ ಹತ್ತಿರ, ಮೀನು ತುಂಬುತ್ತಿದ್ದ ಹಳೆಯ ಡಬ್ಬಿ ಕಾರ್ಖಾನೆಯಲ್ಲಿ ಒಬ್ಬ ಸತ್ತುಬಿದ್ದಿದ್ದಾನೆ, ಚಳಿಗೆ ಇದ್ದಿಲ ಒಲೆ ಹಚ್ಚಿಕೊಂಡು ಮಲಗಿದವನು ಹೊಗೆಗೆ ಉಸಿರು ಕಟ್ಟಿ ಹೋಗಿದ್ದಾನೆ, ಹೆಸರು ಯಾರಿಗೂ ಗೊತ್ತಿಲ್ಲ ಎಂಬ ಸುದ್ದಿ ಬಂದಿತ್ತು. ಕೊನೆಯ ಆ ಮಾತು ಕೇಳಿದ್ದೇ ದಲೆಂದಾ ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುತ್ತಿದ್ದ ಹೆಂಗಸನ್ನು ಇನ್ನೊಬ್ಬ ದಾದಿಯ ಕೈಗೆ ಒಪ್ಪಿಸಿ, ಕೈಯನ್ನೂ ಸರಿಯಾಗಿ ಒರೆಸಿಕೊಳ್ಳದೆ ಇಳಿದು ಬಂದಿದ್ದಳು.

ಶವಾಗಾರದ ಆಳು ಬಾಗಿಲು ತೆರೆದು, ಹೆಣದ ಮೇಲಿನ ಬಟ್ಟೆ ಸರಿಸಿದ. ದಲೆಂದಾ ಮುಖ ನೋಡಲಿಲ್ಲ, ಮೊದಲು ಎಡಗಿವಿ ನೋಡಿದಳು. ಅವರ ಕಿರಿಯ ತಮ್ಮ ಲಮೀನನ ಎಡಗಿವಿಯ ಹಾಲೆ ಚಿಕ್ಕಂದಿನಲ್ಲಿ ಮೀನಿನ ಗಾಳ ಸಿಕ್ಕಿ ಹರಿದಿತ್ತು. ಈ ಕಿವಿ ಇಡಿಯಾಗಿತ್ತು. ಆಮೇಲೆ ಮುಖ ನೋಡಿದಳು. ಹಲ್ಲಿಲ್ಲದ, ಬಿಳಿ ಕುರುಚಲು ಗಡ್ಡದ ಯಾರೋ ಮುದುಕ. ಪಕ್ಕದಲ್ಲಿ ಮುಂಜಿ ಹಿಡಿದಿಟ್ಟಿದ್ದ ಉಸಿರು ಬಿಟ್ಟ. ಅವಳಿಗೂ ಮೈ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ಅದರ ತಳದಲ್ಲಿ ಇನ್ನೊಂದು ಇತ್ತು, ಅದನ್ನು ಅವಳು ಯಾರಿಗೂ ಹೇಳಲಾರಳು: ಇವನು ಲಮೀನನೇ ಆಗಿದ್ದರೆ ಕಾಯುವುದಾದರೂ ಮುಗಿಯುತ್ತಿತ್ತಲ್ಲ ಎಂಬ ನಿರಾಶೆ.

ಹೊರಗೆ ಬಂದಾಗ ಮುಂಜಿ ತನ್ನ ವ್ಯಾನು ಹತ್ತಿ ಹೋದ.

ಲಮೀನನ ಕಥೆ ಊರಿಗೆಲ್ಲ ಗೊತ್ತಿದ್ದದ್ದೇ. ಹರೆಯದಲ್ಲಿ ಕದ್ದ ದೋಣಿಯಲ್ಲಿ ಕಡಲು ದಾಟಲು ಹೋಗಿದ್ದ, ಆಚೆ ದಡದವರು ಹಿಡಿದು ವಾಪಸು ಕಳಿಸಿದ್ದರು. ಬಂದವನು ಹೋದವನಾಗಿರಲಿಲ್ಲ. ಸುಮ್ಮಸುಮ್ಮನೆ ನಗುತ್ತಿದ್ದ, ರಾತ್ರಿಯೆಲ್ಲ ಎಚ್ಚರವಿರುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಮನೆ ಮುಂಜಿಯ ಕೈಗೆ ಬಂತು. ಒಂದು ಚಳಿಗಾಲದಲ್ಲಿ, ಮುಂಜಿಯ ಮಕ್ಕಳು ನಡುಗುತ್ತಿದ್ದಾರೆಂದು ಲಮೀನ್ ಅವರ ಹಾಸಿಗೆಯ ಪಕ್ಕದಲ್ಲೇ ಪರದೆಗೆ ಬೆಂಕಿ ಹಚ್ಚಿದ. ಮಕ್ಕಳು ಉಳಿದರು. ಮಾರನೆಯ ದಿನ ಮುಂಜಿ ಬೀಗ ಬದಲಿಸಿದ. ದಲೆಂದಾಳ ಗಂಡ ಆಗ ಬದುಕಿದ್ದ. ಹುಚ್ಚನನ್ನು ಹೊಸಿಲು ದಾಟಿಸಿದರೆ ತಾನು ಹೊಸಿಲು ದಾಟುತ್ತೇನೆ ಎಂದಿದ್ದ. ಹಾಗಾಗಿ ಅವಳು ದಿನವೂ ಸಂಜೆ ಬಾಗಿಲ ಹೊರಗೆ ಬೋಗುಣಿಯಲ್ಲಿ ಕಡಲೆಯ ಸಾರು, ಮೇಲೆ ರೊಟ್ಟಿ ಮುಚ್ಚಿ ಇಡುತ್ತಿದ್ದಳು. ಲಮೀನ್ ಬಂದು ತಿಂದು ಹೋಗುತ್ತಿದ್ದ. ಬೀಗ ಬದಲಾದ ಮೇಲೆ ಅವನಿಗೊಂದು ಹೊಸ ಚಟ ಹತ್ತಿಕೊಂಡಿತ್ತು: ಕಂಡಕಂಡದ್ದನ್ನೆಲ್ಲ ಬೆರಳ ಗೆಣ್ಣಿನಿಂದ ತಟ್ಟುವುದು. ಕಾಂಪೌಂಡು ಗೋಡೆ, ಅಂಜೂರದ ಮರ, ನಿಂತ ದೋಣಿ. ತಟ್ಟಿ, ಕಿವಿಗೊಟ್ಟು ಸ್ವಲ್ಪ ಹೊತ್ತು ಕಾದು, ಮುಂದೆ ನಡೆಯುತ್ತಿದ್ದ. ಹೀಗೇ ನಡೆಯುತ್ತಿದ್ದಾಗ ಒಂದು ಬೆಳಿಗ್ಗೆ ದಲೆಂದಾ ಬಾಗಿಲು ತೆರೆದರೆ ಬೋಗುಣಿ ತುಂಬಿದಂತೆಯೇ ಇತ್ತು. ಸಾರಿನ ಮೇಲೆ ಎಣ್ಣೆ ಹೆಪ್ಪುಗಟ್ಟಿತ್ತು. ಅದಾದ ಮೇಲೆ ಇಷ್ಟು ವರ್ಷ ಅವನನ್ನು ಕಂಡವರಿಲ್ಲ.

ಕಾರ್ಖಾನೆಯಲ್ಲಿ ಮುದುಕ ಸತ್ತ ವಾರವೇ ಪುರಸಭೆ ಸೇರಿತು. ಅಧ್ಯಕ್ಷ ಶಾದ್ಲಿಯನ್ನು ಊರು ಗೌರವದಿಂದ ಸಿ ಶಾದ್ಲಿ ಎನ್ನುತ್ತಿತ್ತು. ಅವನು ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತನಾದವನು, ಕೊನೆಯಲ್ಲಿ ಮಾತಾಡಿದವರ ಮಾತೇ ಸರಿ ಎನ್ನುವ ಸ್ವಭಾವದವನು. ಕಾರ್ಖಾನೆಯ ವಿಷಯ ಏನು ಮಾಡೋಣ ಎಂದು ಅವನು ಕೇಳಿದಾಗ ಮುಂಜಿ ಎದ್ದು ನಿಂತ. ಬಾಗಿಲು ಕಿಟಕಿಗಳನ್ನೆಲ್ಲ ಇಟ್ಟಿಗೆಯಿಂದ ಮುಚ್ಚಿಬಿಡಬೇಕು. ಹೊರಗಿನ ಊರಿನವರನ್ನು ಬಸ್ಸು ಮಾಡಿ ಅವರವರ ಮನೆಯವರ ಹತ್ತಿರ ಕಳಿಸಬೇಕು. ಈ ಊರಿನವರಾದರೆ ಮಕ್ಕಳನ್ನೋ ಅಣ್ಣತಮ್ಮಂದಿರನ್ನೋ ಕರೆಸಿ ಕೈಗೊಪ್ಪಿಸಬೇಕು. ಇದು ಅವನ ಸೂಚನೆ. ಇಟ್ಟಿಗೆ ಸಿಮೆಂಟು ಯಾರ ಅಂಗಡಿಯದು ಎಂದು ಹಿಂದಿನ ಸಾಲಿನಿಂದ ಯಾರೋ ಕುಟುಕಿದರು. ನಕ್ಕವರು ನಕ್ಕರು. ಬಿಟ್ಟಿ ಕೊಡುತ್ತೇನೆ, ನೀನು ಬಂದು ಕಲಸು, ಅಂದ ಮುಂಜಿ.

ದಲೆಂದಾಳ ಸೂಚನೆ ಬೇರೆ. ಹೆಣ್ಣುಮಕ್ಕಳ ಹಳೆಯ ಶಾಲೆ ಖಾಲಿ ಬಿದ್ದಿದೆ, ಚಾವಣಿ ಗಟ್ಟಿಯಾಗಿದೆ. ಚಳಿಗಾಲ ಮುಗಿಯುವವರೆಗಾದರೂ ಅಲ್ಲಿ ಮಲಗಲು ಜಾಗ ಕೊಡೋಣ, ಒಬ್ಬ ಕಾವಲಿನವನು ಇರಲಿ, ಬಂದವರ ಹೆಸರು ಕೇಳಿ ಒಳಗೆ ಬಿಡಲಿ.

"ನೀವು ಶಾಲೆ ತೆರೀರಿ" ಅಂದ ಮುಂಜಿ. ಸಭೆಯಲ್ಲಿ ಅವನು ಅಕ್ಕನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದ. "ಮಾರನೇ ದಿನ ನೋಡಿ, ಊರಲ್ಲಿ ಎಷ್ಟು ಮನೆಯವರು ತಮ್ಮ ಮುದುಕರನ್ನ, ತಲೆ ಸರಿಯಿಲ್ಲದವರನ್ನ ತಂದು ಬಿಡ್ತಾರೆ ಅಂತ. ಪುರಸಭೆ ನೋಡ್ಕೊಳ್ಳತ್ತೆ ಬಿಡು ಅಂತಾರೆ. ಈಗ ನಾಚಿಕೆಗಾದ್ರೂ ಮನೇಲಿ ಇಟ್ಕೊಂಡಿದಾರೆ. ಆ ನಾಚಿಕೇನೂ ಕಿತ್ಕೊಳ್ತೀರಾ?"

"ನಾಚಿಕೆ ಹೊದ್ಕೊಂಡು ಯಾರೂ ಬೆಚ್ಚಗೆ ಮಲಗಿಲ್ಲ, ಸಿ ಮುಂಜಿ. ಮನೆ ಅಂತ ಇರೋರು ಮೀನಿನ ಕಾರ್ಖಾನೇಲಿ ಯಾಕೆ ಮಲಗ್ತಾರೆ?"

"ಮನೆ ಇದ್ದೂ ಹೊರಗೆ ಮಲಗಿದವರನ್ನ ನಾನೂ ಕಂಡಿದೀನಿ, ನೀವೂ ಕಂಡಿದೀರಿ. ಯಾರೋ ದಿನಾ ಬಾಗಿಲ ಹೊರಗೆ ಊಟ ಇಟ್ರು. ಅವನು ಬಾಗಿಲ ಹೊರಗೇ ಉಳಿದ."

ಸಿ ಶಾದ್ಲಿ ಗಂಟಲು ಸರಿಮಾಡಿಕೊಂಡ. ಏನಾದರೂ ಹೇಳುವ ಮೊದಲೇ ದಲೆಂದಾಳ ಬಾಯಿಂದ ಮಾತು ಬಿದ್ದುಹೋಗಿತ್ತು: "ಬೀಗ ಬದಲಿಸಿದವರು ಯಾರು ಅಂತನೂ ಊರಿಗೆ ಗೊತ್ತು."

ಅವಳು ಆಡಿದ ಮೇಲೆ ಕೂತಳು. ಮುಂಜಿ ನಿಂತೇ ಇದ್ದ, ಕಿಟಕಿಯ ಆಚೆ ನೋಡುತ್ತಿದ್ದ. ಮೊದಲು ಹೋಗಿ ಜಾಗ ನೋಡಿ ಬರೋಣ, ಮುಂದಿನ ಸಭೆಯಲ್ಲಿ ಮತ ಹಾಕೋಣ ಎಂದು ಅಧ್ಯಕ್ಷ ಅವಸರವಸರವಾಗಿ ಸಭೆ ಮುಗಿಸಿದ.

ಅವರು ಕಾರ್ಖಾನೆಗೆ ಹೋದ ಮಧ್ಯಾಹ್ನ ಕಡಲಿನಿಂದ ಮಂಜು ಎದ್ದು ಬಂದರನ್ನೆಲ್ಲ ನುಂಗಿಕೊಂಡಿತ್ತು. ಮುಚ್ಚಿ ಎಷ್ಟೋ ಕಾಲವಾದರೂ ಆ ಗೋಡೆಗಳಿಂದ ಮೀನಿನೆಣ್ಣೆಯ ವಾಸನೆ ಹೋಗಿರಲಿಲ್ಲ. ಒಳಗೆ ಹತ್ತಾರು ಜನ ಅಲ್ಲಲ್ಲಿ ರಟ್ಟು, ಹರಿದ ಬಲೆ, ಕಂಬಳಿಗಳಿಂದ ಗೂಡು ಮಾಡಿಕೊಂಡಿದ್ದರು. ಸಿ ಶಾದ್ಲಿ ಮೂಗಿಗೆ ಕರವಸ್ತ್ರ ಹಿಡಿದು ಬಾಗಿಲಲ್ಲೇ ನಿಂತ. ಒಳಗೆ ಹೋದವರು ಅಕ್ಕ ತಮ್ಮ ಇಬ್ಬರೇ.

ಮೆಟ್ಟಿಲ ಬುಡದಲ್ಲಿ ಮಬ್ರೂಕಾ ಕೂತಿದ್ದಳು. ಎರಡು ಕಣ್ಣಿಗೂ ಪೊರೆ ಬಂದ ಮುದುಕಿ. ಒಂದು ಕಾಲದಲ್ಲಿ ಇದೇ ಕಾರ್ಖಾನೆಯಲ್ಲಿ ಅವರಮ್ಮನ ಪಕ್ಕ ನಿಂತು ಡಬ್ಬಿಗೆ ಮೀನು ತುಂಬಿದವಳು. ಗಂಡ ಸತ್ತು, ಬಾಡಿಗೆ ಮನೆ ಮಾರಾಟವಾಗಿ, ಕೆಲಸ ಮಾಡಿದ ಜಾಗಕ್ಕೇ ಮಲಗಲು ಬಂದಿದ್ದಳು. ದನಿ ಕೇಳಿಯೇ ಇಬ್ಬರನ್ನೂ ಗುರುತಿಸಿದಳು.

"ಝೋಹ್ರಾ ಮಕ್ಕಳಲ್ವಾ ನೀವು? ಬನ್ನಿ ಬನ್ನಿ. ನಿಮ್ಮಮ್ಮ ಲಮೀನನ್ನ ಮೀನಿನ ಪೆಟ್ಟಿಗೇಲಿ ಮಲಗಿಸಿ ಕೆಲಸ ಮಾಡ್ತಿದ್ಲು. ಅಲ್ಲೇ, ಆ ಕಂಬದ ಹತ್ರ."

ಸತ್ತವನು ಯಾರು, ಬೇರೆ ಯಾರ್ಯಾರಿದ್ದಾರೆ ಎಂದು ದಲೆಂದಾ ವಿಚಾರಿಸಿದಳು. ಮಬ್ರೂಕಾ ಒಬ್ಬೊಬ್ಬರನ್ನೇ ಹೇಳುತ್ತ ಹೋಗಿ, ಕೊನೆಗೆ ದನಿ ತಗ್ಗಿಸಿ ಮೇಲಕ್ಕೆ ಕೈ ತೋರಿಸಿದಳು. ಮೇಲೊಬ್ಬ ಇದ್ದಾನೆ. ಕೆಳಗಿಳಿಯುವುದನ್ನು ಯಾರೂ ನೋಡಿಲ್ಲ, ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಮೆಟ್ಟಿಲ ಮೇಲೆ ರೊಟ್ಟಿ ಇಟ್ಟರೆ ಬೆಳಗಾಗುವುದರಲ್ಲಿ ಇರುವುದಿಲ್ಲ. ಕೆಲವರು ಅದು ಮನುಷ್ಯನೇ ಅಲ್ಲ ಅನ್ನುತ್ತಾರೆ.

"ನಾನು ಮಾತ್ರ ಹಾಗನ್ನಲ್ಲ" ಅಂದಳು. "ಜಿನ್ನು ಆಗಿದ್ರೆ ಗೋಡೆ ಯಾಕೆ ತಟ್ಬೇಕು? ಅಲ್ಲಿ ಬಾಗಿಲೇ ಇಲ್ಲ ಮಗಳೇ. ಆದ್ರೂ ತಟ್ತಾನೆ. ತಟ್ಟಿ, ಸುಮ್ಮನಾಗ್ತಾನೆ."

ದಲೆಂದಾ ತಮ್ಮನ ಕಡೆ ನೋಡಲಿಲ್ಲ. ನೋಡುವ ಧೈರ್ಯವಾಗಲಿಲ್ಲ. ಮೆಟ್ಟಿಲು ಕೆಲವು ಹಂತಗಳಾಚೆ ಮುರಿದು ಕಬ್ಬಿಣದ ಸರಳುಗಳಷ್ಟೇ ಉಳಿದು, ಮೇಲೆ ಮಂಜು ತುಂಬಿದ ಕತ್ತಲೆ ಇತ್ತು. ಅವಳು ಒಂದು ಕಾಲಿಟ್ಟಳು. ಹಿಂದಿನಿಂದ ಮುಂಜಿ ಅವಳ ತೋಳು ಹಿಡಿದ. ಹಿಡಿತ ನೋಯುವಷ್ಟು ಬಿಗಿಯಾಗಿತ್ತು. ಹೊರಗಿನಿಂದ ಅಧ್ಯಕ್ಷ, ಆಯಿತಲ್ಲವೇ, ಹೊರಡೋಣವೇ ಎಂದು ಕೂಗಿದ. ಇಬ್ಬರೂ ಹೊರಟರು.

ಸಂಜೆ, ಮಗ್ರಿಬ್ ನಮಾಜಿನ ಕರೆ ಮುಗಿದ ಸ್ವಲ್ಪ ಹೊತ್ತಿಗೆ ಮುಂಜಿ ಅವಳ ಮನೆಗೆ ಬಂದ. ಭಾವ ಸತ್ತಾಗ ಬಂದದ್ದು ಬಿಟ್ಟರೆ ಅವನು ಆ ಮನೆಯ ಒಳಗೆ ಕಾಲಿಟ್ಟಿರಲಿಲ್ಲ. ಅವಳು ಚಹಾಕ್ಕೆ ಪುದೀನ ಹಾಕಿ ತಂದಿಟ್ಟಳು. ಅವನು ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಬಿಸಿ ಕಾಯಿಸಿಕೊಂಡನೇ ಹೊರತು ಕುಡಿಯಲಿಲ್ಲ.

"ಲಲ್ಲಾ" ಅಂದ. ದೊಡ್ಡಕ್ಕನನ್ನು ಚಿಕ್ಕಂದಿನಲ್ಲಿ ಕರೆಯುತ್ತಿದ್ದದ್ದು ಹಾಗೆ. "ನಾಳೆ ಮೇಲೆ ಹತ್ತಬೇಡ."

"ಅವನೇ ಇದ್ರೆ?"

"ಅವನಲ್ಲ. ಯಾವತ್ತೂ ಅವನಲ್ಲ." ಮುಂಜಿ ನೆಲ ನೋಡುತ್ತ ಹೇಳತೊಡಗಿದ. ಅವನು ಸಿಮೆಂಟಿನ ವ್ಯಾಪಾರಕ್ಕೆಂದು ತೂನಿಸ್, ಸ್ಫಾಕ್ಸ್‌ನಂಥ ದೊಡ್ಡ ಊರುಗಳಿಗೆ ಹೋಗುತ್ತಿದ್ದದ್ದು ನಿಜ, ಆದರೆ ಹೋದಲ್ಲೆಲ್ಲ ಬಸ್ ನಿಲ್ದಾಣಗಳಲ್ಲಿ, ಸೇತುವೆಗಳ ಕೆಳಗೆ, ಪಾಳು ಮನೆಗಳಲ್ಲಿ ಹುಡುಕಿದ್ದ. ಮಲಗಿದವರ ಮುಖದ ಮೇಲಿನ ಕಂಬಳಿ ಸರಿಸಿ ನೋಡಿದ್ದ. ಬೈಸಿಕೊಂಡಿದ್ದ, ಒಮ್ಮೆ ಚೂರಿಯನ್ನೂ ನೋಡಿ ಬಂದಿದ್ದ. ಹೆಂಡತಿ ರಾಫಿಕಾಳಿಗೂ ಇದು ಗೊತ್ತಿರಲಿಲ್ಲ. "ಒಂದು ಪಾಳುಬಿದ್ದ ಜಾಗ ಕಂಡ್ರೆ ಸಾಕು, ಒಳಗೆ ಹೋಗದೆ ಇರೋಕಾಗಲ್ಲ. ಹೋಗದೆ ಮನೆಗೆ ಬಂದ್ರೆ ನಿದ್ದೆ ಬರಲ್ಲ. ಅದಕ್ಕೇ ಮುಚ್ಚಿ ಅಂತೀನಿ. ಒಂದೊಂದನ್ನೂ ಮುಚ್ಚಿಬಿಡಿ. ಮುಚ್ಚಿದ್ರೆ ನಾನು ನೋಡೋದಾದ್ರೂ ತಪ್ಪತ್ತೆ."

ಸಭೆಯಲ್ಲಿ ತಾನು ಜಗಳವಾಡಿದ್ದು ಕಲ್ಲೆದೆಯವನೊಬ್ಬನ ಜೊತೆ ಎಂದು ದಲೆಂದಾ ಅಂದುಕೊಂಡಿದ್ದಳು. ಶಾಲೆಯ ಬಾಗಿಲಲ್ಲಿ ಬಂದವರ ಹೆಸರು ಕೇಳಬೇಕೆಂದು ತಾನೇಕೆ ಅಷ್ಟು ಹಟ ಹಿಡಿದಿದ್ದೆ ಎಂಬುದು ಅವಳಿಗೂ ಆಗಲೇ ಹೊಳೆದದ್ದು. ಯಾವ ಊರಿನಲ್ಲಾದರೂ ಅಂಥ ಒಂದು ಬಾಗಿಲಿದ್ದು, ಯಾವನಾದರೂ ಕಾವಲಿನವನು ಕೇಳಿದರೆ, ಒಂದು ದಿನ ಲಮೀನ್ ತನ್ನ ಹೆಸರು ಹೇಳಬಹುದಲ್ಲ.

"ಬೆಳಿಗ್ಗೆ ಇಬ್ಬರೂ ಹೋಗೋಣ" ಅಂದಳು. ಮುಂಜಿ ಬೇಡವೆನ್ನಲಿಲ್ಲ.

ಸೂರ್ಯ ಮೂಡಿದ ಮೇಲೆ ಹೋದರು. ಮುಂಜಿ ಅಂಗಡಿಯಿಂದ ಏಣಿ ತಂದಿದ್ದ. ಮೇಲಂತಸ್ತು ಅವರು ಅಂದುಕೊಂಡಂತೆ ಇರಲಿಲ್ಲ. ಯಾರೋ ನೆಲ ಗುಡಿಸಿದ್ದರು. ಕಿಟಕಿಯಿಂದ ಬಿಸಿಲು ಬಿದ್ದ ಕಡೆ ರೊಟ್ಟಿಯ ತುಂಡುಗಳನ್ನು ಒಣಗಲು ಹಾಕಿತ್ತು. ಮೂಲೆಯಲ್ಲಿ ಬಲೆಯ ರಾಶಿಯ ಮೇಲೆ ಒಬ್ಬ ಗಂಡಸು ಗೋಡೆಗೆ ಮುಖ ಮಾಡಿ ಕೂತಿದ್ದ. ಅವರ ಸದ್ದು ಕೇಳಿಯೂ ತಿರುಗಲಿಲ್ಲ. ಕೈ ಎತ್ತಿ ಗೋಡೆಯನ್ನು ಮೆಲ್ಲಗೆ ತಟ್ಟಿ, ಗೋಡೆಗೆ ಕಿವಿಯಿಟ್ಟ.

ಮುಂಜಿ ಅಲ್ಲೇ ಮೊಣಕಾಲೂರಿ, ಚಿಕ್ಕ ಮಗುವನ್ನು ಎಬ್ಬಿಸುವ ದನಿಯಲ್ಲಿ ಕರೆದ: "ಲಮೀನ್?"

ಗಂಡಸು ತಿರುಗಿದ. ಲಮೀನ್‌ಗೆ ಈಗ ಆಗಿರಬಹುದಾದಷ್ಟೇ ವಯಸ್ಸು, ಅಷ್ಟೇ ಎತ್ತರ, ಕೆನ್ನೆ ಒಳಗೆ ಹೋಗಿ ಗಡ್ಡ ಬೆಳೆದಿತ್ತು. ಸ್ವಲ್ಪ ಯೋಚಿಸಿ, "ಹೌದು" ಅಂದ.

ದಲೆಂದಾ ಹತ್ತಿರ ಹೋಗಿ ಕೂದಲು ಸರಿಸಿ ಎಡಗಿವಿ ನೋಡಿದಳು. ಇಡಿಯಾಗಿತ್ತು. ಬಲಗಿವಿಯನ್ನೂ ನೋಡಿದಳು. ತನ್ನ ನೆನಪೇ ತಪ್ಪಿರಲಿ ಎಂದು ಆ ಗಳಿಗೆಯಲ್ಲಿ ಬೇಡಿಕೊಂಡಳು. ಆಮೇಲೆ, ಬೇಕೆಂದೇ ಯಾವುದೋ ಹೆಸರು ಹಿಡಿದು, ಮೆದುವಾಗಿ ಕೇಳಿದಳು: "ನಿನ್ನ ಹೆಸರು ಸಾದೊಕ್ ಅಲ್ವಾ?"

"ಹೌದು" ಅಂದ ಗಂಡಸು, ಅದೇ ದನಿಯಲ್ಲಿ. ಯಾರು ಯಾವ ಹೆಸರಿನಿಂದ ಕರೆದರೂ ಬರಲು ಎದ್ದು ನಿಂತವನ ಹಾಗಿತ್ತು ಅವನ ಮುಖ.

"ನೋಡಿದೆಯಾ ಮುಂಜಿ?"

ಮುಂಜಿ ಕೇಳಿಸಿಕೊಳ್ಳಲಿಲ್ಲ. ತನ್ನ ಕೋಟು ಬಿಚ್ಚಿ ಆ ಮನುಷ್ಯನ ಹೆಗಲಿಗೆ ಹೊದಿಸುತ್ತಿದ್ದ, ಗುಂಡಿ ಹಾಕುತ್ತಿದ್ದ, ಗುಂಡಿಗಳು ಬೆರಳಿಗೆ ಸಿಗುತ್ತಿರಲಿಲ್ಲ. "ಅವನು ಹೌದು ಅಂದ" ಅಂತ ಮಾತ್ರ ಹೇಳಿದ. "ಮೊದಲು ಕೇಳಿದ್ದು ನಾನು. ನನಗೆ ಹೌದು ಅಂದ."

ಏಣಿಯಲ್ಲಿ ಅವನನ್ನು ಇಳಿಸುವಾಗ ಕೆಳಗೆ ಜನ ಸೇರಿದರು. ಮೇಲಿನವನಿಗೂ ಮನುಷ್ಯರ ಕಾಲೇ ಇದೆ ಎಂದು ಒಬ್ಬ ಮೆಲ್ಲಗೆ ಹೇಳಿದ. ಯಾರೂ ನಗಲಿಲ್ಲ.

ಮತದಾನ ಅದೇ ವಾರ ನಡೆಯಿತು. ತಮ್ಮ ಈಗಲಾದರೂ ತನ್ನ ಕಡೆ ಬಂದಾನು ಎಂದು ದಲೆಂದಾ ಅಂದುಕೊಂಡಿದ್ದಳು. ಬರಲಿಲ್ಲ. ನನ್ನ ತಮ್ಮ ನನ್ನ ಮನೆಗೆ ಬಂದಿದ್ದಾನೆ, ಇನ್ನುಳಿದವರೂ ಅವರವರ ಮನೆಗೆ ಹೋಗಲಿ, ಅಂದ. ಅವನ ಮಾತಿನಲ್ಲಿ ಈಗ ಮೊದಲಿನ ಸಿಟ್ಟಿರಲಿಲ್ಲ. ಕಣ್ಣು ತುಂಬಿ ಮಾತಾಡಿದ್ದರಿಂದ ಎದುರಾಳಿಗಳಲ್ಲೂ ಇಬ್ಬರು ಕರಗಿದರು. ಸಿ ಶಾದ್ಲಿ ಕೊನೆಯಲ್ಲಿ ಮಾತಾಡಿದವನ ಕಡೆಗೇ ಕೈಯೆತ್ತಿದ. ಶಾಲೆಯ ಸೂಚನೆ ಬಿದ್ದುಹೋಯಿತು.

ಇಟ್ಟಿಗೆ ಬಂತು, ಬಸ್ಸೂ ಬಂತು. ಒಬ್ಬ ಹುಡುಗ ಯಾವ ಊರು ಎಂದರೆ ಕಡಲಿನ ಕಡೆ ತೋರಿಸಿದ. ಹೇಗೋ ಎಲ್ಲರನ್ನೂ ಹತ್ತಿಸಿ ಕಳಿಸಿದರು. ಮಬ್ರೂಕಾ ಮಾತ್ರ ಹತ್ತಲಿಲ್ಲ. ಹುಟ್ಟಿದ್ದು ಇಲ್ಲಿ, ದುಡಿದದ್ದು ಇಲ್ಲಿ, ನನ್ನನ್ನು ಎಲ್ಲಿಗೆ ವಾಪಸು ಕಳಿಸುತ್ತೀರಿ ಎಂದು ಪುರಸಭೆಯ ಮೆಟ್ಟಿಲ ಮೇಲೆ ಗಂಟು ಇಟ್ಟುಕೊಂಡು ಕೂತಳು. ದಲೆಂದಾ ಅವಳ ಕೈಹಿಡಿದು ತನ್ನ ಮನೆಗೆ ಕರೆತಂದಳು. ದಾರಿಯಲ್ಲಿ ಎದುರಾದ ಮುಂಜಿ, ನೋಡು, ನನ್ನ ಮಾತೇ ನಡೆಯಿತು, ಮನೆಗೊಬ್ಬರನ್ನು ಇಟ್ಟುಕೊಂಡರೆ ನಿನ್ನ ಶಾಲೆ ಯಾಕೆ ಬೇಕು, ಅಂದ.

"ಇಬ್ಬರಿಗಾಯ್ತು" ಅಂದಳು ದಲೆಂದಾ. "ಮಿಕ್ಕವರಿಗೆ?"

ಮಿಕ್ಕವರಲ್ಲಿ ಅರ್ಧಕ್ಕರ್ಧ ಜನ ರಂಜಾನ್ ಹೊತ್ತಿಗೆ ಊರಿಗೆ ಮರಳಿದ್ದರು. ಕಾರ್ಖಾನೆಗೆ ಬಾಗಿಲಿರಲಿಲ್ಲವಾಗಿ ಮೀನು ಮಾರುಕಟ್ಟೆಯ ಕಮಾನುಗಳ ಕೆಳಗೆ ಮಲಗಿದರು. ಅಲ್ಲಿ ಗೋಡೆಯೂ ಇರಲಿಲ್ಲ.

ಮುಂಜಿಯ ಮನೆಗೆ ಜನ ಬಂದದ್ದೇ ಬಂದದ್ದು. ನೆರೆಯ ಹೆಂಗಸರು ಸಿಹಿ ತಂದರು, ಹಳೆಯ ಗೆಳೆಯರು ಅಪ್ಪಿಕೊಂಡರು. ಎಷ್ಟು ಸೊರಗಿದ್ದಾನೆ ಎಂದರು, ಕಣ್ಣು ಮಾತ್ರ ಹಾಗೇ ಇದೆ ಎಂದರು. ಎಡಗಿವಿಯ ವಿಷಯ ಒಬ್ಬರೂ ಎತ್ತಲಿಲ್ಲ. ಮರೆತಿದ್ದರೋ, ಮರೆಯಲು ಒಪ್ಪಿಕೊಂಡಿದ್ದರೋ, ದಲೆಂದಾಳಿಗೆ ತಿಳಿಯಲಿಲ್ಲ. ಮಬ್ರೂಕಾಳನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದಳು. ಮುದುಕಿ ಆ ಮನುಷ್ಯನ ಮುಖವನ್ನೆಲ್ಲ ಬೆರಳಿನಿಂದ ಮುಟ್ಟಿ ನೋಡಿ, ಹಣೆಗೆ ಮುತ್ತಿಟ್ಟು, ಮನೆಗೆ ಬಂದ ಮೇಲೆ ಬಾಯಿಬಿಟ್ಟಳು: "ಅದು ಝೋಹ್ರಾ ಮಗನ ಕಿವಿ ಅಲ್ಲ. ಇರಲಿ ಬಿಡು. ತಣ್ಣಗಿರೋ ಕಿವಿ ಆಗಿತ್ತು, ಈಗ ಬೆಚ್ಚಗಿದೆ."

ದಲೆಂದಾಳಿಗೆ ಇರಲಿ ಎಂದು ಬಿಡಲು ಆಗಲಿಲ್ಲ. ಮುಂಜಿಯ ಮನೆಯಲ್ಲಿ ಮಕ್ಕಳು ಅವನನ್ನು ಚಿಕ್ಕಪ್ಪ ಲಮೀನ್ ಎಂದು ಕೂಗಿದಾಗಲೆಲ್ಲ ಅವಳ ಬೆನ್ನ ಮೇಲೆ ತಣ್ಣನೆಯ ಕೈ ಆಡಿದಂತಾಗುತ್ತಿತ್ತು. ಕೆಲಸ ಮಾಡುವಾಗ, ಮಗುವಿನ ತಲೆ ಅಂಗೈಗೆ ಬರುವ ಹೊತ್ತಿನಲ್ಲೂ, ಒಂದೇ ಚಿತ್ರ ಕಣ್ಣಿಗೆ ಕಟ್ಟುತ್ತಿತ್ತು. ನಿಜವಾದ ಲಮೀನ್ ಎಲ್ಲಿಂದಲೋ ನಡೆದು ಬರುತ್ತಾನೆ. ಮುಂಜಿಯ ಬಾಗಿಲ ಮುಂದೆ ನಿಲ್ಲುತ್ತಾನೆ. ತಟ್ಟಲು ಕೈಯೆತ್ತುತ್ತಾನೆ. ಅಷ್ಟರಲ್ಲಿ ಒಳಗಿಂದ ಯಾರೋ, ಲಮೀನ್, ಊಟಕ್ಕೆ ಬಾ ಎಂದು ಕರೆಯುವುದು ಕೇಳಿಸುತ್ತದೆ. ಒಳಗೆ ಲಮೀನ್ ಊಟಕ್ಕೆ ಕೂರುತ್ತಾನೆ. ಹೊರಗಿನವನು, ಹಾಗಾದರೆ ನಾನು ಯಾರೋ ಬೇರೆಯವನಿರಬೇಕು ಎಂದುಕೊಂಡು, ಎತ್ತಿದ ಕೈ ಇಳಿಸಿ, ಬಂದ ದಾರಿಯಲ್ಲೇ ಹೊರಟುಹೋಗುತ್ತಾನೆ. ಆಸ್ಪತ್ರೆಯಿಂದ ಮನೆಗೆ ಬರುವಾಗ ಅವಳು ಈಗ ಸುತ್ತುಬಳಸಿ ಮುಂಜಿಯ ಬೀದಿಯಲ್ಲೇ ಬರುತ್ತಿದ್ದಳು. ಬಾಗಿಲಿನೆದುರು ಯಾರಾದರೂ ನಿಂತಿದ್ದಾರೆಯೇ ಎಂದು ನೋಡುತ್ತಿದ್ದಳು. ಎಂದೂ ಯಾರೂ ನಿಂತಿರಲಿಲ್ಲ. ಆದರೂ ಹೊಸಿಲ ಮುಂದಿನ ಆ ಜಾಗ ಖಾಲಿ ಎಂದು ಅವಳಿಗೆ ಅನ್ನಿಸುತ್ತಿರಲಿಲ್ಲ. ದಾಟುವಾಗ ಸ್ವಲ್ಪ ಪಕ್ಕಕ್ಕೆ ಸರಿದು ದಾಟುತ್ತಿದ್ದಳು.

ಮುಂಜಿಗೆ ನಿಜ ಗೊತ್ತಿತ್ತೇ? ಅವಳು ಕೇಳಲಿಲ್ಲ. ಅವನು ಈಗ ಊರು ಬಿಟ್ಟು ವ್ಯಾಪಾರಕ್ಕೆ ಹೋಗುವುದಿಲ್ಲ, ಚೆನ್ನಾಗಿ ನಿದ್ದೆ ಮಾಡುತ್ತಾನೆ ಎಂದು ರಾಫಿಕಾ ಹೇಳಿದಳು. ಹೇಳುವಾಗ ಅವಳ ಮುಖದಲ್ಲಿದ್ದ ನೆಮ್ಮದಿ ನೋಡಿ, ದಲೆಂದಾ ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡಳು. ಪುರಸಭೆಯಲ್ಲಿ ಮಾತ್ರ ಬಿಡಲಿಲ್ಲ. ವಸಂತದ ಸಭೆಯಲ್ಲಿ ಶಾಲೆಯ ಸೂಚನೆಯನ್ನು ಮತ್ತೆ ತಂದಳು. ಮಾರುಕಟ್ಟೆಯ ವ್ಯಾಪಾರಿಗಳಿಗೆ ಕಮಾನಿನ ಕೆಳಗೆ ಮಲಗುವವರ ಕಾಟ ಸಾಕಾಗಿತ್ತು, ಕನಿಕರದಿಂದಲ್ಲದಿದ್ದರೂ ಅದೇ ಕಾರಣಕ್ಕೆ ಕೆಲವರು ಅವಳ ಕಡೆ ಬಂದರು. ಮುಂಜಿ ಮತದ ಹೊತ್ತಿಗೆ ಎದ್ದು ಹೊರಗೆ ಹೋದ. ಅವನು ಕೂತಿದ್ದರೆ ಬೀಳುತ್ತಿದ್ದ ಸೂಚನೆ, ಅವನು ಹೋದದ್ದರಿಂದ ಗೆದ್ದಿತು. ಬರುವ ಚಳಿಗಾಲಕ್ಕೆ ಶಾಲೆಯ ಎರಡು ಕೋಣೆ ತೆರೆಯುವುದೆಂದಾಯಿತು.

ಅದನ್ನು ಹೇಳಲು ಅವಳು ತಮ್ಮನ ಮನೆಗೆ ಹೋದಳು. ಮುಂಜಿ ಅಂಗಡಿಯಿಂದ ಬಂದಿರಲಿಲ್ಲ. ಮೇಲೆ ತಾರಸಿಯಲ್ಲಿ ಆ ಮನುಷ್ಯ ಒಬ್ಬನೇ ಕೂತು, ಬಿಸಿಲಿಗೆ ಹರಡಿದ ಕೆಂಪು ಮೆಣಸಿನಕಾಯಿ ತಿರುಗಿಸುತ್ತಿದ್ದ. ಮೈ ತುಂಬಿಕೊಂಡಿತ್ತು, ಗಡ್ಡ ತೆಗೆದಿದ್ದ. ಗೋಡೆ ತಟ್ಟುವುದನ್ನು ಬಿಟ್ಟಿದ್ದಾನೆಂದು ರಾಫಿಕಾ ಹೇಳಿದ್ದಳು. ದಲೆಂದಾ ಪಕ್ಕದಲ್ಲಿ ಕೂತು ತಾನೂ ಮೆಣಸಿನಕಾಯಿ ತಿರುಗಿಸತೊಡಗಿದಳು. ಅವಳು ಅವನನ್ನು ಇದುವರೆಗೆ ಯಾವ ಹೆಸರಿನಿಂದಲೂ ಕರೆದಿರಲಿಲ್ಲ. ಅದು ಅವನಿಗೂ ಗೊತ್ತಿತ್ತೆಂದು ಕಾಣುತ್ತದೆ.

"ನನಗೂ ಒಬ್ಬಳು ಅಕ್ಕ ಇದ್ದಳು" ಅಂದ, ತಲೆಯೆತ್ತದೆ. "ವರ್ದಾ ಅಂತ."

ಯಾವ ಊರು ಎಂದು ಕೇಳಿದಳು. ದಕ್ಷಿಣದ ಒಂದು ಗಣಿಯೂರಿನ ಹೆಸರು ಹೇಳಿದ. ಗಣಿಯಲ್ಲಿ ಒಮ್ಮೆ ಮಣ್ಣು ಕುಸಿದು ಮೂವರ ಜೊತೆ ಒಳಗೆ ಸಿಕ್ಕಿಬಿದ್ದಿದ್ದನಂತೆ. ಆಚೆಯಿಂದ ಯಾರಾದರೂ ತಟ್ಟುತ್ತಾರೇನೋ ಎಂದು ಬಂಡೆ ತಟ್ಟುತ್ತ ಕೂತಿದ್ದನಂತೆ. ಹೊರಗೆ ತೆಗೆದಾಗ ಉಳಿದವನು ಇವನೊಬ್ಬನೇ. ಅಷ್ಟನ್ನು ಅವನು ಬೇರೆ ಯಾರದೋ ವಿಷಯದಂತೆ ಹೇಳಿದ. ದಲೆಂದಾ ಕೈಯಲ್ಲಿದ್ದ ಮೆಣಸಿನಕಾಯಿ ಕೆಳಗಿಟ್ಟಳು. ವರ್ದಾ ಎಂಬವಳೊಬ್ಬಳು ಅಲ್ಲಿ ಇವನಿಗಾಗಿ ಕಾಯುತ್ತಿರಬಹುದು, ಮಲಗಿದವರ ಮುಖ ನೋಡುತ್ತ ಓಡಾಡುತ್ತಿರಬಹುದು.

"ಹೋಗೋಣ" ಅಂದಳು. "ನಾನೇ ಕರ್ಕೊಂಡು ಹೋಗ್ತೀನಿ ನಿನ್ನ. ಬಾಡಿಗೆ ಕಾರಲ್ಲಿ ಹೋದ್ರೆ ಒಂದೇ ದಿನದ ದಾರಿ."

ಅವನು ತಲೆಯಾಡಿಸಿದ. "ಬೇಡ. ಅಲ್ಲೂ ಈಗ ನನ್ನ ಹಾಸಿಗೇಲಿ ಯಾರಾದ್ರೂ ಮಲಗಿರ್ತಾರೆ. ಪಾಪ, ಎಬ್ಬಿಸಬೇಕಾಗತ್ತೆ."

ಕೆಳಗಿನ ಬೀದಿಯಲ್ಲಿ ಯಾರೋ ಸೈಕಲ್ ತಳ್ಳಿಕೊಂಡು ಹೋದರು. ನಿನ್ನ ಹೆಸರಾದರೂ ಹೇಳು, ಯಾರಿಗೂ ಹೇಳುವುದಿಲ್ಲ ಎಂದು ದಲೆಂದಾ ಬೇಡಿಕೊಂಡಳು. ಅವನು ಎಷ್ಟೋ ಹೊತ್ತು ನೆನಪು ಮಾಡಿಕೊಂಡು, ತುಟಿಯಲ್ಲೇ ಹೇಳಿದ. ಗಾಳಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ಅವಳು ಅದನ್ನು ಗಟ್ಟಿಯಾಗಿ ಕರೆದಳು.

"ಹಸೂನಾ."

ಅವನು ಹೌದು ಅನ್ನಲಿಲ್ಲ. ಮೆಣಸಿನಕಾಯಿ ಕೈಯಲ್ಲಿ ಹಿಡಿದಂತೆಯೇ, ಯಾರನ್ನು ಕರೆಯುತ್ತಿದ್ದಾಳೆಂದು ತಿರುಗಿ ತನ್ನ ಬೆನ್ನ ಹಿಂದೆ ನೋಡಿದ. ದಲೆಂದಾಳೂ ಅವನು ನೋಡಿದ ಕಡೆಗೇ ನೋಡಿದಳು.